ಹಿಮ ಬಿದ್ದ ಮರುದಿನ ಸೆಂಟ್ರಲ್ ಪಾರ್ಕ್: ಹಕ್ಕಿ, ಅಳಿಲು, ಮರಗಳನ್ನು ನೋಡುವುದು ಹೇಗೆ?

ಚಳಿಗಾಲ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಮಾತು: "ಇನ್ನು ಏಪ್ರಿಲ್‌ವರೆಗೆ ಹೊರಗೆ ನೋಡೋಕೆ ಏನೂ ಇಲ್ಲ." ಮೊದಲ ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಮೂರನೇ ವರ್ಷ ಜನವರಿಯ ಒಂದು ಬೆಳಗ್ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬೋ ಬ್ರಿಡ್ಜ್ ಮೇಲೆ ನಿಂತಿದ್ದೆ. ರಾತ್ರಿಯೆಲ್ಲ ಹಿಮ ಸುರಿದಿತ್ತು. ಒಂದು ಗಂಡು ಕಾರ್ಡಿನಲ್ ಹಕ್ಕಿ ಬಂದು ಎದುರಿನ ಕೊಂಬೆಯ ಮೇಲೆ ಕೂತಿತು. ಅಕ್ಕಿಹಿಟ್ಟಿನ ಮೇಲೆ ಒಂದು ಚಿಟಿಕೆ ಕುಂಕುಮ ಬಿದ್ದ ಹಾಗೆ ಕಂಡಿತು. ಅವತ್ತಿನಿಂದ ಹಿಮ ಬಿದ್ದರೆ ನನಗೆ ಮನೆಯಲ್ಲಿ ಕೂರಲು ಆಗುವುದಿಲ್ಲ.

ಮೊದಲ ಬಾರಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಬಾರಿ ಕ್ಯಾಮೆರಾ ಬೇಕಿಲ್ಲ, ಹಕ್ಕಿಗಳ ಹೆಸರು ಗೊತ್ತಿರಬೇಕಿಲ್ಲ. ಒಂದು ವಿಷಯ ಮಾತ್ರ ಹೊರಡುವ ಮೊದಲೇ ಮನಸ್ಸಿನಲ್ಲಿರಲಿ. ಈ ಚಳಿಯಲ್ಲಿ ಹಕ್ಕಿ ಪ್ರಾಣಿಗಳು ತಿಂದ ಪ್ರತಿ ಕಾಳನ್ನೂ ಲೆಕ್ಕ ಹಾಕಿ ಖರ್ಚು ಮಾಡುತ್ತವೆ. ನಾವು ಹತ್ತಿರ ಹೋಗಿ ಒಂದು ಹಕ್ಕಿಯನ್ನು ಹಾರಿಸಿದರೆ ಅದರ ಗಂಟಿನಿಂದ ಕಿತ್ತುಕೊಂಡ ಹಾಗೆ. ಹಾಗಾಗಿ ಇಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ನಡೆಯುವುದಲ್ಲ, ನಿಲ್ಲುವುದು.

ಯಾವ ದಿನ, ಎಷ್ಟು ಹೊತ್ತಿಗೆ

ನ್ಯೂಯಾರ್ಕಿನಲ್ಲಿ ಹಿಮ ಖಾತ್ರಿ ಅಂತ ಅಂದುಕೊಳ್ಳಬೇಡಿ. ಒಂದು ಚಳಿಗಾಲಕ್ಕೆ ಸರಾಸರಿ 30 ಇಂಚಿನ ಆಸುಪಾಸು ಬೀಳುತ್ತದೆ, ನಿಜ. ಆದರೆ 2016ರ ಜನವರಿಯಲ್ಲಿ ಒಂದೇ ಬಿರುಗಾಳಿಗೆ ಸೆಂಟ್ರಲ್ ಪಾರ್ಕಿನಲ್ಲಿ 27.5 ಇಂಚು ಬಿತ್ತು. 2022-23ರ ಇಡೀ ಚಳಿಗಾಲಕ್ಕೆ ಬಿದ್ದದ್ದು ಬರೀ 2.3 ಇಂಚು. ಈ ಅಳತೆ ನಡೆಯುವುದೂ ಪಾರ್ಕಿನ ಒಳಗೇ. ಬೆಲ್ವೆಡೇರ್ ಕೋಟೆಯ ಬಳಿಯಿರುವ ಹವಾಮಾನ ಕೇಂದ್ರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತಿದ್ದಾರೆ. ಹಿಮ ಬೀಳುವ ಸಾಧ್ಯತೆ ಜಾಸ್ತಿ ಇರುವುದು ಜನವರಿ, ಫೆಬ್ರವರಿಯಲ್ಲಿ. "ಮುಂದಿನ ವಾರ ನೋಡೋಣ" ಅಂದರೆ ಕೈತಪ್ಪುತ್ತದೆ. ಬಿದ್ದ ಮರುದಿನವೇ ಹೊರಡಿ.

ಹಿಮದಲ್ಲೂ ಬಗೆಗಳಿವೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೀಳುವ ಹಿಮ ಒದ್ದೆಯಾಗಿರುತ್ತದೆ (ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್). ಅದು ಕೊಂಬೆ, ರೆಂಬೆ, ಬೇಲಿ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಪಟಗಳಲ್ಲಿ ನೋಡುವ ಬಿಳಿ ಕಮಾನುಗಳ ನೋಟ ಸಿಗುವುದು ಅಂಥ ದಿನವೇ. ಆದರೆ ಬಿಸಿಲು ಬಂದರೂ ಸಾಕು, ಗಾಳಿ ಬೀಸಿದರೂ ಸಾಕು, ಎರಡು ಮೂರು ಗಂಟೆಯಲ್ಲಿ ಎಲ್ಲ ಉದುರಿ ಹೋಗುತ್ತದೆ. ಮೈನಸ್ 6, 7 ಡಿಗ್ರಿಯಲ್ಲಿ ಬೀಳುವ ಹಿಮ ರವೆಯ ಹಾಗೆ ಪುಡಿಪುಡಿ. ಕೊಂಬೆಗೆ ನಿಲ್ಲುವುದಿಲ್ಲ, ಆದರೆ ನೆಲದ ಮೇಲೆ ಮಿನುಗುತ್ತದೆ. ಹೆಜ್ಜೆ ಗುರುತು ಅದರಲ್ಲಿ ಬೇಗ ಕದಡಿ ಹೋಗುತ್ತದೆ. ಗುರುತು ಓದಬೇಕೆಂದರೆ ಒಂದೆರಡು ಇಂಚಿನ ಒದ್ದೆ ಹಿಮವೇ ಒಳ್ಳೆಯದು.

ಪಾರ್ಕು ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 7:20ಕ್ಕೆ. ಅಷ್ಟೊತ್ತಿಗೆ ಒಳಗಿದ್ದರೆ ಎರಡು ಲಾಭ. ಒಂದು, ರಾತ್ರಿಯ ಉಪವಾಸ ಮುಗಿಸಿದ ಹಕ್ಕಿಗಳು ಆಗ ಅವಸರವಸರವಾಗಿ ತಿನ್ನುತ್ತಿರುತ್ತವೆ. ಎರಡು, ಹಿಮ ಇನ್ನೂ ಯಾರೂ ತುಳಿಯದ ಹಾಳೆ. ಬೆಳಗ್ಗೆ ಆಗದವರಿಗೆ ಸಂಜೆ ಮೂರರಿಂದ ನಾಲ್ಕೂವರೆ ಒಳ್ಳೆಯ ಹೊತ್ತು, ಆಗ ಎರಡನೇ ಊಟದ ಗದ್ದಲ. ಮಧ್ಯಾಹ್ನ ಮಕ್ಕಳು ಜಾರುಬಂಡಿ ತಂದಿರುತ್ತಾರೆ. ಅದೂ ಸಂತೋಷವೇ, ಆದರೆ ಹಕ್ಕಿ ನೋಡಲು ಹೊತ್ತಲ್ಲ.

ಹೊಸ ಹಿಮದ ಬೆಳಗ್ಗೆ ಇನ್ನೊಂದು ಗಮನಿಸಿ. ನಗರದ ಸದ್ದೇ ಕಡಿಮೆಯಾಗಿರುತ್ತದೆ. ವಾಹನ ಕಡಿಮೆ ಇರುವುದು ಒಂದು ಕಾರಣ. ಹೊಸ ಹಿಮದ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಅದು ಹತ್ತಿಯ ಹಾಗೆ ಸದ್ದನ್ನು ಹೀರಿಕೊಳ್ಳುತ್ತದೆ, ಅದು ಇನ್ನೊಂದು. ಹಾಗಾಗಿ ಮರಕುಟಿಗ ಎಲ್ಲೋ ಕುಟ್ಟಿದರೂ ಕೇಳುತ್ತದೆ. ಈ ಮೌನ ಒಂದೆರಡು ದಿನವಷ್ಟೇ. ಹಿಮ ಗಟ್ಟಿಯಾದ ಮೇಲೆ ಸದ್ದು ಮತ್ತೆ ಎಗರಿ ಬರುತ್ತದೆ.

ಏನು ತೊಡಬೇಕು

ನಿಂತು ನೋಡುವವರಿಗೆ ನಡೆಯುವವರಿಗಿಂತ ಒಂದು ಪದರ ಹೆಚ್ಚು ಬೇಕು. ನಡೆದಾಗ ಮೈ ಬಿಸಿಯಾಗುತ್ತದೆ, ನಿಂತಾಗ ಚಳಿ ಪಾದದಿಂದ ಹತ್ತುತ್ತದೆ.

ಮೈಗೆ ಅಂಟಿದ ಪದರ ಹತ್ತಿಯದಾಗಬಾರದು. ಹತ್ತಿ ಬೆವರು ಹಿಡಿದುಕೊಂಡು ಒದ್ದೆಯಾಗುತ್ತದೆ, ಮೈ ತಣ್ಣಗೆ ಮಾಡುತ್ತದೆ. ಜೀನ್ಸ್ ಕೂಡ ಇದೇ ಕಾರಣಕ್ಕೆ ಬೇಡ. ಉಣ್ಣೆಯದೋ ಸಿಂಥೆಟಿಕ್ ಬಟ್ಟೆಯದೋ ಥರ್ಮಲ್ ಹಾಕಿ, ಅದರ ಮೇಲೆ ಫ್ಲೀಸ್, ಮೇಲೆ ಗಾಳಿ ತಡೆಯುವ ದಪ್ಪ ಜಾಕೆಟ್. ಉಣ್ಣೆಯ ಕಾಲುಚೀಲ ಒಂದೇ ಜೊತೆ ಸಾಕು. ಎರಡು ಜೊತೆ ತುರುಕಿದರೆ ಬೂಟು ಬಿಗಿಯಾಗಿ ರಕ್ತ ಓಡಾಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಊರಿನಿಂದ ಅಮ್ಮ ಕಳಿಸಿದ ಮಂಕಿ ಕ್ಯಾಪ್ ಇದ್ದರೆ ಧೈರ್ಯವಾಗಿ ಹಾಕಿಕೊಳ್ಳಿ. ಕಿವಿ, ಕತ್ತು, ಗಲ್ಲ ಮೂರನ್ನೂ ಒಟ್ಟಿಗೆ ಮುಚ್ಚುವ ಬಟ್ಟೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನೀರು ಒಳಬಿಡದ ಬೂಟು ಬೇಕೇ ಬೇಕು. ಬಿದ್ದ ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ದಾರಿ ಗಾಜಿನಂತಾಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿಗಳು ಸಿಗುತ್ತವೆ. ವಯಸ್ಸಾದವರಿಗಂತೂ ಕೊಡಿಸಿ. ಬಾತುಕೋಳಿಯ ಹಾಗೆ ಚಿಕ್ಕ ಹೆಜ್ಜೆ ಇಡಿ, ಕೈ ಜೇಬಿನಿಂದ ಹೊರಗಿರಲಿ.

ಫ್ಲಾಸ್ಕಿನಲ್ಲಿ ಶುಂಠಿ ಕಷಾಯವೋ ಕಾಫಿಯೋ ತಗೊಳ್ಳಿ. ಬೈನಾಕ್ಯುಲರ್ ಇದ್ದರೆ 8x42 ಅಳತೆಯದು ಹೊಸಬರಿಗೆ ಸರಿ. ಇಲ್ಲದಿದ್ದರೂ ಹೋಗಿ. ಎಲೆ ಉದುರಿದ ಮರದಲ್ಲಿ ಬರಿಗಣ್ಣಿಗೇ ಬಹಳ ಕಾಣುತ್ತದೆ, ಬೇಸಿಗೆಯಲ್ಲಿ ಅಷ್ಟು ಕಾಣುವುದಿಲ್ಲ.

ಎಲ್ಲಿಂದ ಒಳಗೆ ಹೋಗಬೇಕು

843 ಎಕರೆಯ ಪಾರ್ಕು. ಒಂದೇ ದಿನ ಎಲ್ಲ ನೋಡಲು ಹೊರಟರೆ ಏನೂ ನೋಡಿದ ಹಾಗಾಗುವುದಿಲ್ಲ. ಮೊದಲ ಸಲಕ್ಕೆ ನಾನು ಹೇಳುವ ದಾರಿ ಇದು.

ನ್ಯೂಜೆರ್ಸಿಯಿಂದ ಪೆನ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಸಿ ಸಬ್‌ವೇ ಹಿಡಿದು 81ನೇ ಬೀದಿಯಲ್ಲಿ ಇಳಿಯಿರಿ. ಎ ಟ್ರೈನ್ ಹಗಲಲ್ಲಿ ಅಲ್ಲಿ ನಿಲ್ಲುವುದಿಲ್ಲ. ಇಳಿದು ರಸ್ತೆ ದಾಟಿದರೆ ಪಾರ್ಕು. ಪೂರ್ವಕ್ಕೆ ನಡೆದರೆ ಟರ್ಟಲ್ ಪಾಂಡ್, ಅದರ ಮೇಲಿನ ಬಂಡೆಯ ಮೇಲೆ ಬೆಲ್ವೆಡೇರ್ ಕೋಟೆ. ಮೊದಲು ಮೇಲೆ ಹತ್ತಿ ಒಮ್ಮೆ ಸುತ್ತ ನೋಡಿ. ಕೆಳಗಿನ ಕೊಳ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಸಾಲಾಗಿ ಬಿಸಿಲು ಕಾಯುವ ಆಮೆಗಳು ಈಗ ಆ ಐಸಿನ ಕೆಳಗಿವೆ. ಉಸಿರಿಗೆ ಮೇಲೆ ಬರುವುದಿಲ್ಲ. ಮೈ ತಣ್ಣಗಾಗಿ ಅವುಗಳ ಒಳಗಿನ ಕೆಲಸವೆಲ್ಲ ನಿಧಾನವಾಗಿರುತ್ತದೆ. ಬೇಕಾದ ಚೂರುಪಾರು ಆಮ್ಲಜನಕವನ್ನು ಚರ್ಮದಿಂದಲೂ ಬಾಲದ ಬುಡದ ರಂಧ್ರದಿಂದಲೂ ನೀರಿನಿಂದಲೇ ಎಳೆದುಕೊಳ್ಳುತ್ತವೆ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ತಳ ಸೇರುತ್ತದೆ, ಐಸು ಮೇಲೆ ತೇಲುತ್ತದೆ. ಹಾಗಾಗಿ ತಳದಲ್ಲಿ ಮೀನೂ ಆಮೆಯೂ ಬದುಕುವಷ್ಟು ಜಾಗ ಉಳಿಯುತ್ತದೆ. ಇದನ್ನು ತಿಳಿದು ಆ ಬಿಳಿ ಕೊಳವನ್ನು ನೋಡಿದರೆ ನೋಟವೇ ಬೇರೆ, ಅಲ್ವಾ?

ಕೋಟೆಯಿಂದ ದಕ್ಷಿಣಕ್ಕೆ ಇಳಿದರೆ ರ್‍ಯಾಂಬಲ್. ಸುಮಾರು 36 ಎಕರೆಯ ಕಾಡು. ಅಂಕುಡೊಂಕು ಕಾಲುದಾರಿ, ಬಂಡೆ, ಸಣ್ಣ ತೊರೆ. ಪಾರ್ಕನ್ನು ವಿನ್ಯಾಸ ಮಾಡಿದ ಓಮ್‌ಸ್ಟೆಡ್ ಮತ್ತು ವಾಕ್ಸ್ ಇದನ್ನು ಬೇಕೆಂದೇ ಕಾಡಿನ ಹಾಗೆ ಬೆಳೆಸಿದರು. ಇಲ್ಲಿ ದಾರಿ ತಪ್ಪುವುದು ಸಹಜ. ದೀಪದ ಕಂಬದ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ಹತ್ತಿರದ ಬೀದಿಯ ಸಂಖ್ಯೆ. ಕೊನೆಯ ಅಂಕಿ ಬೆಸವಾದರೆ ಪಶ್ಚಿಮಕ್ಕೆ, ಸಮವಾದರೆ ಪೂರ್ವಕ್ಕೆ ಹತ್ತಿರ ಇದ್ದೀರಿ ಎಂದರ್ಥ.

ರ್‍ಯಾಂಬಲ್‌ನಿಂದ ಬೋ ಬ್ರಿಡ್ಜ್ ದಾಟಿ, ಬೆಥೆಸ್ಡಾ ಕಾರಂಜಿಯ ಪಕ್ಕದಿಂದ ಹತ್ತಿ, ಮಾಲ್ ಎಂಬ ಉದ್ದನೆಯ ಸಾಲುಮರದ ದಾರಿಗೆ ಬನ್ನಿ. ಎರಡೂ ಬದಿ ಅಮೆರಿಕನ್ ಎಲ್ಮ್ ಮರಗಳು. ಒಂದು ಶಿಲೀಂಧ್ರ ರೋಗ ಈ ಖಂಡದ ಎಲ್ಮ್‌ಗಳನ್ನು ಊರೂರೇ ಬೋಳು ಮಾಡಿತು. ಉಳಿದಿರುವ ದೊಡ್ಡ ಗುಂಪುಗಳಲ್ಲಿ ಇದೂ ಒಂದು. ಒದ್ದೆ ಹಿಮದ ಬೆಳಗ್ಗೆ ಈ ಕೊಂಬೆಗಳು ತಲೆಯ ಮೇಲೆ ಹೆಣೆದುಕೊಂಡು ಬಿಳಿ ಚಪ್ಪರವಾಗುತ್ತವೆ. ಮದುವೆ ಚಪ್ಪರದ ಕೆಳಗೆ ನಡೆದ ಹಾಗಿರುತ್ತದೆ ನನಗೆ. ಆದರೆ ಹಿಮದ ಭಾರಕ್ಕೆ ಬಾಗಿದ ಕೊಂಬೆಯ ಕೆಳಗೆ ನಿಲ್ಲಬೇಡಿ. 2011ರ ಅಕ್ಟೋಬರ್ ಕೊನೆಯಲ್ಲಿ, ಎಲೆ ಇನ್ನೂ ಇರುವಾಗಲೇ ಬಿದ್ದ ಹಿಮಕ್ಕೆ ಈ ಪಾರ್ಕಿನ ನೂರಾರು ಮರಗಳು ಮುರಿದಿದ್ದವು.

ಮಾಲ್‌ನಿಂದ ಪಶ್ಚಿಮಕ್ಕೆ 72ನೇ ಬೀದಿಯ ಸ್ಟೇಷನ್‌ಗೆ ಹೊರಟರೆ ಸುತ್ತು ಮುಗಿಯಿತು. ನಿಂತು ನೋಡುತ್ತ ಮೂರು ಗಂಟೆ ಹಿಡಿಯುತ್ತದೆ. ನಡುವೆ ಚಳಿ ತಡೆಯದಿದ್ದರೆ ಮೊದಲು ಇಳಿದ 81ನೇ ಬೀದಿಯಲ್ಲೇ ನೈಸರ್ಗಿಕ ಇತಿಹಾಸ ಮ್ಯೂಸಿಯಂ ಇದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ನಿವಾಸಿಗಳು ಟಿಕೆಟ್ಟಿಗೆ ತಮಗಾದಷ್ಟು ಕೊಟ್ಟರೆ ಸಾಕು.

ನಿಂತು ನೋಡುವ ಕ್ರಮ

ರ್‍ಯಾಂಬಲ್ ಒಳಗೆ ಅಜೇಲಿಯಾ ಪಾಂಡ್ ಹತ್ತಿರ ಚಳಿಗಾಲದಲ್ಲಿ ಕಾಳಿನ ಗೂಡುಗಳನ್ನು ನೇತುಹಾಕಿರುತ್ತಾರೆ. ಸ್ವಯಂಸೇವಕರು ತುಂಬಿಸುತ್ತಾರೆ. ಹೊಸಬರಿಗೆ ಇದೇ ಪಾಠಶಾಲೆ.

ಸ್ವಲ್ಪ ದೂರದಲ್ಲಿ ಒಂದು ಮರಕ್ಕೆ ಬೆನ್ನು ಕೊಟ್ಟು ನಿಲ್ಲಿ. ಗಡಿಯಾರ ನೋಡಿ ಹತ್ತು ನಿಮಿಷ ಅಲ್ಲಾಡಬೇಡಿ. ಮೊದಲ ಎರಡು ನಿಮಿಷ ಏನೂ ಇರುವುದಿಲ್ಲ. ಆಮೇಲೆ ಒಂದೊಂದೇ ಬರುತ್ತವೆ. ಬೂದುಬಣ್ಣದ, ಜುಟ್ಟಿರುವ ಪುಟ್ಟ ಹಕ್ಕಿ ಒಂದು ಕಾಳು ಎತ್ತಿಕೊಂಡು ಕೂಡಲೇ ಹಾರಿಹೋದರೆ ಅದು ಟಿಟ್‌ಮೌಸ್. ಕೊಂಬೆಗೆ ಹೋಗಿ, ಕಾಳನ್ನು ಕಾಲಲ್ಲಿ ಒತ್ತಿ ಹಿಡಿದು ಒಡೆಯುತ್ತದೆ. ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವುದು ನಟ್‌ಹ್ಯಾಚ್. ಕಪ್ಪು ಬಿಳುಪಿನ ಸಣ್ಣ ಮರಕುಟಿಗ ಡೌನಿ. ಅದರ ತಲೆಯ ಹಿಂದೆ ಕೆಂಪು ಚುಕ್ಕೆ ಇದ್ದರೆ ಗಂಡು. ನೆಲದಲ್ಲಿ ಎರಡೂ ಕಾಲಿನಿಂದ ಹಿಮ ಕೆದಕುತ್ತಿರುವುದು ಬಿಳಿ ಗಂಟಲಿನ ಗುಬ್ಬಿ. ಕೆನಡಾ ಕಡೆಯ ಕಾಡಿನಿಂದ ಇಲ್ಲಿಗೆ ಚಳಿಗಾಲ ಕಳೆಯಲು ಬಂದದ್ದು. ನಮಗೆ ಸಾಕಪ್ಪಾ ಅನಿಸುವ ಈ ಚಳಿ ಅದಕ್ಕೆ ಬೆಚ್ಚಗಿನ ತೆಂಕಣ ನಾಡು.

ಕಪ್ಪು ಟೋಪಿಯ ಚಿಕಡೀ ಕೆಲವು ವರ್ಷ ಜಾಸ್ತಿ, ಕೆಲವು ವರ್ಷ ಅಪರೂಪ. ಸಿಕ್ಕರೆ ಅದನ್ನೇ ಹೆಚ್ಚು ಹೊತ್ತು ನೋಡಿ. ತೂಕ 10ರಿಂದ 12 ಗ್ರಾಂ. ರಾತ್ರಿ ಮರದ ಪೊಟರೆಯಲ್ಲಿ ಒಂಟಿಯಾಗಿ ಸೇರಿಕೊಂಡು, ಮೈಬಿಸಿಯನ್ನೇ ಹಲವು ಡಿಗ್ರಿ ಇಳಿಸಿಕೊಂಡು, ಹಗಲು ಗಳಿಸಿದ ಕೊಬ್ಬನ್ನು ಸುಡುತ್ತ ನಡುಗುತ್ತಲೇ ಬೆಳಗು ಮಾಡುತ್ತದೆ. ಬೆಳಗ್ಗೆ ಆ ಗಂಟು ಬರಿದು. ಮತ್ತೆ ಮೊದಲಿನಿಂದ ದುಡಿಯಬೇಕು. ಇದು ಗೊತ್ತಾದ ಮೇಲೆ ನನಗೆ ಹಕ್ಕಿಯ ಕಡೆ ಇನ್ನೊಂದು ಹೆಜ್ಜೆ ಇಡಲು ಮನಸ್ಸು ಬರುವುದಿಲ್ಲ.

ಇದ್ದಕ್ಕಿದ್ದಂತೆ ಎಲ್ಲ ಹಕ್ಕಿಗಳೂ ಮಾಯವಾಗಿ, ಉಳಿದ ಒಂದು ಮರಕುಟಿಗ ಕಾಂಡಕ್ಕೆ ಅಂಟಿ ಕಲ್ಲಾದರೆ, ತಲೆಯೆತ್ತಿ ನೋಡಿ. ಗಿಡುಗ ಬಂದಿದೆ. ಕೆಂಪು ಬಾಲದ ಗಿಡುಗ ಇಲ್ಲಿ ವರ್ಷವಿಡೀ ಇರುತ್ತದೆ. ಪೇಲ್ ಮೇಲ್ ಎಂದು ಊರೆಲ್ಲ ಕರೆಯುತ್ತಿದ್ದ ಗಿಡುಗ 1990ರ ದಶಕದಿಂದ ಫಿಫ್ತ್ ಅವೆನ್ಯೂವಿನ ಶ್ರೀಮಂತರ ಕಟ್ಟಡವೊಂದರಲ್ಲಿ ಗೂಡು ಕಟ್ಟಿತ್ತು. 2004ರ ಡಿಸೆಂಬರ್‌ನಲ್ಲಿ ಗೂಡು ಕಿತ್ತು ಹಾಕಿದಾಗ ಜನ ಬೀದಿಗಿಳಿದರು. ಅದೇ ತಿಂಗಳು ಗೂಡಿಗೆ ಆಧಾರವನ್ನು ಮತ್ತೆ ಕಟ್ಟಿಕೊಡಬೇಕಾಯಿತು. ಫೆಬ್ರವರಿಯಲ್ಲಿ ಹೋದರೆ ಗಿಡುಗಗಳ ಜೋಡಿ ಕೊಕ್ಕಿನಲ್ಲಿ ಕಡ್ಡಿ ಹಿಡಿದು ಹಾರುವುದು ಕಾಣಬಹುದು. ಹಿಮದ ನಡುವೆಯೇ ಸಂಸಾರದ ಸಿದ್ಧತೆ.

ತಿನ್ನಲು ಹಾಕಬೇಡಿ. ನಮ್ಮ ಕೈಯಲ್ಲಿ ಕೋಡುಬಳೆ ಇರುತ್ತದೆ, ಎದುರಿಗೆ ಅಳಿಲು ಎರಡು ಕಾಲಲ್ಲಿ ನಿಂತು ನೋಡುತ್ತಿರುತ್ತದೆ, ಮನಸ್ಸು ಕರಗುತ್ತದೆ, ನಿಜ. ಆದರೆ ಉಪ್ಪು, ಎಣ್ಣೆ, ಬ್ರೆಡ್ಡು ಅವುಗಳ ಆಹಾರವಲ್ಲ. ನೆಲಕ್ಕೆ ಬಿದ್ದ ತುಣುಕು ಇಲಿ ಹೆಗ್ಗಣಗಳನ್ನು ಕರೆಯುತ್ತದೆ. ಇಲಿ ಹೆಚ್ಚಿದರೆ ನಗರದಲ್ಲಿ ಪಾಷಾಣ ಇಡುತ್ತಾರೆ. ಆ ಪಾಷಾಣ ಕೊನೆಗೆ ಯಾರ ಹೊಟ್ಟೆ ಸೇರುತ್ತದೆ ಎಂದು ಮುಂದೆ ಹೇಳುತ್ತೇನೆ.

ಹಿಮದ ಮೇಲೆ ಬರೆದದ್ದನ್ನು ಓದುವುದು

ಮಕ್ಕಳ ಜೊತೆ ಹೋಗುವವರು ಇದನ್ನು ಮೊದಲು ಮಾಡಿ. ಅವರು ಚಳಿಯನ್ನೇ ಮರೆಯುತ್ತಾರೆ.

ನಾಲ್ಕು ನಾಲ್ಕು ಗುರುತುಗಳ ಗುಂಪು, ದೊಡ್ಡ ಎರಡು ಮುಂದೆ, ಸಣ್ಣ ಎರಡು ಹಿಂದೆ ಇದ್ದರೆ ಅದು ಅಳಿಲು. ದೊಡ್ಡವು ಹಿಂಗಾಲು! ಜಿಗಿಯುವಾಗ ಮುಂಗಾಲು ಮೊದಲು ಊರಿ, ಹಿಂಗಾಲು ಅದನ್ನು ದಾಟಿ ಮುಂದೆ ಬೀಳುತ್ತದೆ. ಸಾಲು ಒಂದು ಮರದ ಬುಡದಲ್ಲಿ ಶುರುವಾಗಿ ಇನ್ನೊಂದರ ಬುಡದಲ್ಲಿ ಮುಗಿಯುತ್ತದೆ. ನಡುವೆ ಹಿಮ ತೋಡಿದ ಗುಳಿ, ಪಕ್ಕದಲ್ಲಿ ಓಕ್ ಕಾಯಿಯ ಸಿಪ್ಪೆ ಕಂಡರೆ ಅದು ಅಳಿಲಿನ ಉಗ್ರಾಣ. ಶರತ್ಕಾಲದಲ್ಲಿ ಒಂದೊಂದೇ ಕಾಯನ್ನು ಬೇರೆ ಬೇರೆ ಕಡೆ ಹೂತಿಡುತ್ತದೆ. ನೆನಪಿನಿಂದಲೂ ವಾಸನೆಯಿಂದಲೂ ಹುಡುಕಿ ತೆಗೆಯುತ್ತದೆ. ಬಿಳಿ ಓಕಿನ ಕಾಯಿ ಬಿದ್ದ ಕೂಡಲೇ ಮೊಳೆಯುವುದರಿಂದ ಅದನ್ನು ಆಗಲೇ ತಿನ್ನುತ್ತದೆ, ಇಲ್ಲವೇ ಮೊಳಕೆಯ ತುದಿ ಕಚ್ಚಿ ತೆಗೆದು ಹೂಳುತ್ತದೆ. ಕೆಂಪು ಓಕಿನ ಕಾಯಿ ವಸಂತದವರೆಗೆ ಮೊಳೆಯುವುದಿಲ್ಲ, ಅದು ದಾಸ್ತಾನಿಗೆ. ನಮ್ಮ ಅಜ್ಜಿಯಂದಿರು ಯಾವ ಕಾಳು ಬೇಗ ಹುಳ ಹಿಡಿಯುತ್ತದೆ ಎಂದು ನೋಡಿ ಮೊದಲು ಬಳಸುತ್ತಿದ್ದರಲ್ಲ, ಅದೇ ಜಾಣತನ.

ಇಲ್ಲಿನ ಬೂದು ಅಳಿಲಿಗೆ ಬೆನ್ನ ಮೇಲೆ ರಾಮನ ಮೂರು ಗೆರೆಗಳಿಲ್ಲ. ಗಾತ್ರವೂ ನಮ್ಮದಕ್ಕಿಂತ ಬಹಳ ದೊಡ್ಡದು. 1870ರ ದಶಕದಲ್ಲಿ ಜನರೇ ತಂದು ಪಾರ್ಕಿನಲ್ಲಿ ಬಿಟ್ಟರು. 2018ರ ಅಕ್ಟೋಬರ್‌ನಲ್ಲಿ ಸ್ವಯಂಸೇವಕರು ಅಳಿಲು ಗಣತಿ ಮಾಡಿದಾಗ ಅಂದಾಜು 2,373 ಬಂತು. ಅವು ಚಳಿಗಾಲ ಪೂರ್ತಿ ನಿದ್ದೆ ಮಾಡುವುದಿಲ್ಲ. ಮರದ ಕವಲಿನಲ್ಲಿ ಎಲೆಗಳ ದೊಡ್ಡ ಉಂಡೆ ಕಂಡರೆ ಅದು ಅಳಿಲ ಮನೆ. ಬೇಸಿಗೆಯಲ್ಲಿ ಎಲೆಮರೆಯಲ್ಲಿದ್ದ ಈ ಮನೆಗಳೆಲ್ಲ ಈಗ ಬಯಲು.

ಸಣ್ಣ ಮಗುವಿನ ಕೈ ಒತ್ತಿದ ಹಾಗೆ ಐದು ಬೆರಳಿನ ಗುರುತು ಜೋಡಿಜೋಡಿಯಾಗಿ ಇದ್ದರೆ ರಕೂನ್, ಕಣ್ಣಿನ ಸುತ್ತ ಕಪ್ಪು ಪಟ್ಟಿಯಿರುವ ಪ್ರಾಣಿ. ರಾತ್ರಿ ನೀರಿನ ಕಡೆ ಹೋಗಿರುತ್ತದೆ. ಗುಬ್ಬಿಯಂಥ ಪುಟ್ಟ ಹಕ್ಕಿಗಳು ಕುಪ್ಪಳಿಸುವುದರಿಂದ ಎರಡೂ ಪಾದ ಅಕ್ಕಪಕ್ಕ ಬೀಳುತ್ತವೆ. ಪಾರಿವಾಳ ನಡೆಯುತ್ತದೆ, ಗುರುತು ಒಂದಾದ ಮೇಲೊಂದು. ನಾಯಿಯ ಗುರುತು ಆ ಕಡೆ ಈ ಕಡೆ ಅಲೆದಾಡುತ್ತದೆ. ನಾಯಿಯಂಥದೇ ಗುರುತು ದಾರ ಹಿಡಿದ ಹಾಗೆ ನೇರ ಸಾಗಿದ್ದರೆ ತೋಳದ ಬಳಗದ ಕಯೋಟಿ ಇರಬಹುದು. ಈಚಿನ ವರ್ಷಗಳಲ್ಲಿ ಅವು ಈ ಪಾರ್ಕಿನಲ್ಲೂ ಇವೆ. ಕಂಡರೆ ದೂರದಲ್ಲೇ ನಿಲ್ಲಿ, ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ, ಬೆನ್ನು ತೋರಿಸಿ ಓಡಬೇಡಿ. ಅದರ ಪಾಡಿಗೆ ಅದು ಹೋಗುತ್ತದೆ.

ನನಗೆ ಒಂದೇ ಒಂದು ಸಲ ಕಂಡ ಗುರುತು ಮರೆಯುವಂತಿಲ್ಲ. ಸಣ್ಣ ಕಾಲಿನ ಸಾಲು ಬಯಲಿನ ನಡುವೆ ತಟ್ಟನೆ ನಿಂತಿತ್ತು. ಅದರ ಎರಡೂ ಬದಿ ಬೀಸಣಿಗೆ ಒತ್ತಿದ ಹಾಗೆ ರೆಕ್ಕೆಯ ಗೆರೆಗಳು. ಮುಂದೆ ಏನೂ ಇರಲಿಲ್ಲ.

ನೀರಿನ ಹಕ್ಕಿಗಳಿಗೆ ಇನ್ನೊಂದು ದಿನ

ಎರಡನೇ ಸಲ 86ನೇ ಬೀದಿಯಲ್ಲಿ ಇಳಿದು ರಿಸರ್ವಾಯರ್‌ಗೆ ಹೋಗಿ. 106 ಎಕರೆಯ ನೀರು, ಸುತ್ತ 1.58 ಮೈಲಿಯ ಸಮತಟ್ಟು ದಾರಿ. ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಅವರಿಗೆ ಇದೇ ಸುಲಭ. ಸಣ್ಣ ಕೊಳಗಳು ಹೆಪ್ಪುಗಟ್ಟಿದ ಮೇಲೂ ಆಳವಾದ ಈ ನೀರು ಹಲವು ದಿನ ತೆರೆದೇ ಇರುತ್ತದೆ. ಹಾಗಾಗಿ ಬಾತುಗಳೆಲ್ಲ ಇಲ್ಲಿ ಸೇರುತ್ತವೆ.

ಚಮಚದಂಥ ಅಗಲ ಕೊಕ್ಕನ್ನು ನೀರಿಗಿಟ್ಟು ಗುಂಪಾಗಿ ಗಿರಗಿರನೆ ಸುತ್ತುವ ಬಾತು ಕಂಡರೆ ಅದು ಶವೆಲರ್. ಸುತ್ತಿದಾಗ ಕೆಳಗಿನ ನೀರು ಸುಳಿಯಾಗಿ ಮೇಲೆ ಬರುತ್ತದೆ, ಜೊತೆಗೆ ಸಣ್ಣ ಜೀವಿಗಳೂ ಬರುತ್ತವೆ. ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳಲ್ಲಿ ಅದನ್ನು ಸೋಸಿ ತಿನ್ನುತ್ತದೆ. ಈ ಬಾತು ನಮಗೆ ಹೊಸದಲ್ಲ. ಇದೇ ಜಾತಿ ಯುರೋಪ್, ಏಷ್ಯಾದ ಉತ್ತರದಿಂದ ಹೊರಟು ನಮ್ಮ ಕರ್ನಾಟಕದ ಕೆರೆಗಳಿಗೂ ಚಳಿಗಾಲಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ನೋಡಿದ್ದ ಹಕ್ಕಿಯನ್ನು ಮ್ಯಾನ್‌ಹ್ಯಾಟನ್‌ನ ಎತ್ತರದ ಕಟ್ಟಡಗಳ ನೆರಳಲ್ಲಿ ಮತ್ತೆ ಕಂಡಾಗ ನನ್ನ ಗಂಟಲು ಕಟ್ಟಿತ್ತು. ಕಪ್ಪು ಮೈ, ಬಿಳಿ ಕೊಕ್ಕಿನ ಕೂಟ್ ಕೂಡ ನಮ್ಮ ನಾಮಗೋಳಿಯ ದಾಯಾದಿ. ತಲೆಯ ಮೇಲೆ ಬಿಳಿ ಬೀಸಣಿಗೆ ಬಿಚ್ಚುವ ಪುಟ್ಟ ಬಾತು ಹುಡೆಡ್ ಮರ್ಗ್ಯಾನ್ಸರ್, ಮುಳುಗಿ ಮೀನು ಹಿಡಿಯುವುದು.

ಐಸಿನ ಮೇಲೆ ಬಾತು ಬರಿಗಾಲಲ್ಲಿ ನಿಂತಿರುತ್ತದಲ್ಲ, ಪಾಪ ಅನಿಸುತ್ತದೆ. ಅದರ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆ ರಕ್ತದ ನಾಳವೂ ಒಂದಕ್ಕೊಂದು ಅಂಟಿಕೊಂಡಿವೆ. ಬಿಸಿ ಅಲ್ಲೇ ಕೈಬದಲಾಗಿ ಮೈಗೆ ವಾಪಸ್ ಹೋಗುತ್ತದೆ. ಪಾದಕ್ಕೆ ಹೆಪ್ಪುಗಟ್ಟದಿರಲು ಬೇಕಾದಷ್ಟೇ ಬಿಸಿ ತಲುಪುತ್ತದೆ.

ಐಸಿನ ಮೇಲೆ ನೀವು ಕಾಲಿಡಬೇಡಿ. ಎಷ್ಟೇ ಗಟ್ಟಿ ಕಂಡರೂ, ಯಾರೇ ನಿಂತಿದ್ದರೂ ಬೇಡ. ಮೇಲಿನ ಹಿಮ ಕೆಳಗಿನ ಬಿರುಕನ್ನು ಮುಚ್ಚಿರುತ್ತದೆ. ಪಾರ್ಕಿನ ಕೆರೆಗಳ ದಡದಲ್ಲಿ ಅಲ್ಲಲ್ಲಿ ಏಣಿಗಳನ್ನು ಇಟ್ಟಿರುವುದು ಬಿದ್ದವರನ್ನು ಎಳೆಯುವುದಕ್ಕೇ. ಮಕ್ಕಳಿಗೆ ಅದನ್ನು ತೋರಿಸಿ ಹೇಳಿ.

ಪಟ ತೆಗೆಯುವವರಿಗೆ

ಕ್ಯಾಮೆರಾಗೆ ಹಿಮ ಬಿಳಿ ಎಂದು ಗೊತ್ತಿಲ್ಲ. ಎಲ್ಲವನ್ನೂ ನಡುಬೂದು ಎಂದುಕೊಂಡು ಬೆಳಕು ಕಡಿಮೆ ಮಾಡುತ್ತದೆ, ಹಿಮ ಮಾಸಲು ಪಂಚೆಯ ಹಾಗೆ ಬರುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಪಟಕ್ಕೆ ಬೀಳುವ ಬೆಳಕನ್ನು, ಒಂದು ಸ್ಟಾಪ್, ಕೆಲವೊಮ್ಮೆ ಒಂದೂವರೆ ಏರಿಸಿ. ಮೊಬೈಲ್ ಆದರೆ ಹಕ್ಕಿಯ ಮೇಲೆ ಬೆರಳಿಟ್ಟು, ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ನೆರಳು ನೀಲಿಯಾಗಿ ಬಂದರೆ ತಿದ್ದಲು ಹೋಗಬೇಡಿ. ಹಿಮದ ನೆರಳಿಗೆ ಆಕಾಶದ ಬೆಳಕಷ್ಟೇ ಬೀಳುವುದರಿಂದ ಅದು ನಿಜಕ್ಕೂ ನೀಲಿಯೇ.

ಬೀಳುವ ಹಿಮ ಚುಕ್ಕೆಗಳಾಗಿ ಬೇಕಾದರೆ ಶಟರ್ 1/500 ಇಡಿ, ಗೆರೆಗಳಾಗಿ ಬೇಕಾದರೆ 1/60. ಹಾರುವ ಹಕ್ಕಿಗೆ 1/1000ಕ್ಕಿಂತ ಹೆಚ್ಚು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದನ್ನು ಎದೆಯ ಒಳಜೇಬಿನಲ್ಲಿ ಬೆಚ್ಚಗಿಡಿ. ಮನೆಗೆ ಅಥವಾ ಟ್ರೈನಿಗೆ ಹೋಗುವ ಮೊದಲು, ಹೊರಗೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ. ಒಳಗೆ ಹೋದಾಗ ಹನಿಯೆಲ್ಲ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಒಳಗಲ್ಲ. ಒಂದೆರಡು ಗಂಟೆ ಬಿಟ್ಟು ತೆರೆಯಿರಿ.

ಬೇರೇನೂ ಸಿಗದ ದಿನ ಮರಗಳನ್ನು ನೋಡಿ. ಬೀಚ್ ಮರದ ಸಣ್ಣ ಕೊಂಬೆಗಳು ಒಣ ಎಲೆಗಳನ್ನು ಚಳಿಗಾಲ ಪೂರ್ತಿ ಉದುರಿಸುವುದಿಲ್ಲ. ತಾಮ್ರದ ಬಣ್ಣದ ಕಾಗದದಂತೆ ಗಾಳಿಗೆ ಸರಸರ ಅನ್ನುತ್ತಿರುತ್ತವೆ. ವಿಚ್ ಹೇಜಲ್ ಗಿಡ ಈ ಚಳಿಯಲ್ಲೇ ಹಳದಿ ಹೂ ಬಿಡುತ್ತದೆ. ಎಸಳುಗಳು ಹರಿದ ರಿಬ್ಬನ್ನಿನಂತೆ ಇರುತ್ತವೆ, ಚಳಿ ಜಾಸ್ತಿಯಾದರೆ ಸುರುಳಿ ಸುತ್ತಿಕೊಳ್ಳುತ್ತವೆ. ಹಿಮದ ಮೇಲೆ ಹಳದಿ ಹೂ ಕಂಡ ದಿನ ನನಗೆ ಬೇರೆ ಹಕ್ಕಿ ಬೇಕೆನಿಸುವುದಿಲ್ಲ.

ಗೂಬೆ ಸಿಕ್ಕರೆ

ಇದನ್ನು ಕೊನೆಗೆ ಇಟ್ಟುಕೊಂಡೆ. ನಮ್ಮ ಕಡೆ ಗೂಬೆ ಕಂಡರೆ ಅಪಶಕುನ ಅನ್ನುತ್ತಾರೆ. ಇಲ್ಲಿ ಒಂದು ಗೂಬೆ ಬಂದರೆ ಊರಿಗೆ ಊರೇ ಓಡುತ್ತದೆ. 2021ರ ಜನವರಿ 27ರಂದು ನಾರ್ತ್ ಮೆಡೋ ಮೈದಾನಕ್ಕೆ ಹಿಮಗೂಬೆ ಬಂದಿತ್ತು. ಅದಕ್ಕೆ ಮೊದಲು ಈ ಪಾರ್ಕಿನಲ್ಲಿ ದಾಖಲಾಗಿದ್ದು 1890ರಲ್ಲಿ. ಚಳಿಗಾಲದಲ್ಲಿ ಉದ್ದ ಕಿವಿಯ ಗೂಬೆ, ಗೇಣುದ್ದದ ಸಾ-ವೆಟ್ ಗೂಬೆ ಪೈನ್ ಮರಗಳಲ್ಲಿ ಹಗಲು ಮಲಗಿರುತ್ತವೆ. ನೀಲಿ ಜೇ ಹಕ್ಕಿಗಳೆಲ್ಲ ಒಂದೇ ಮರಕ್ಕೆ ಮುತ್ತಿ ಅರಚುತ್ತಿದ್ದರೆ ಅಲ್ಲಿ ಗೂಬೆಯೋ ಗಿಡುಗವೋ ಇದೆ. ಮರದ ಕೆಳಗೆ ಹಿಮದ ಮೇಲೆ ಕೂದಲು, ಎಲುಬು ಸೇರಿದ ಬೂದು ಉಂಡೆ ಬಿದ್ದಿದ್ದರೂ ಅದು ಗೂಬೆಯ ಗುರುತು.

ನನ್ನ ಮೊದಲ ಗೂಬೆಯನ್ನು ನಾನು ಹಾರಿಸಿಬಿಟ್ಟೆ. ಒಳ್ಳೆಯ ಪಟ ಬೇಕು ಎಂದು ಪೈನ್ ಮರದ ಕೆಳಗೇ ಹೋದೆ. ಅದು ಮೈ ಸಣ್ಣಗೆ ಮಾಡಿ ನೆಟ್ಟಗೆ ನಿಂತು, ಕಣ್ಣು ಅಗಲಿಸಿ ನನ್ನನ್ನೇ ನೋಡಿತು. ನನಗೆ ಆಗ ಅದು ಪೋಸು ಅನಿಸಿತು, ಹೆದರಿಕೆ ಎಂದು ಗೊತ್ತಿರಲಿಲ್ಲ. ಇನ್ನೊಂದು ಹೆಜ್ಜೆಗೆ ಹಾರಿತು. ಬಯಲಿಗೆ ಬಿದ್ದ ಕೂಡಲೇ ಜೇ ಹಕ್ಕಿಗಳು ಅಟ್ಟಿಸಿಕೊಂಡು ಹೋದವು. ಅವತ್ತು ಸಂಜೆ ಮೈನಸ್ 9 ಡಿಗ್ರಿ ಇತ್ತು. ಮನೆಗೆ ಬಂದು ಹೀಟರ್ ಪಕ್ಕ ಕೂತಾಗಲೂ ನನಗೆ ಅದರದೇ ಯೋಚನೆ.

ಆದ್ದರಿಂದ ನಾನು ಪಾಲಿಸುವ ಕ್ರಮ ಇದು. ಗೂಬೆ ಕಣ್ಣು ಮುಚ್ಚಿಕೊಂಡೇ ಇರುವಷ್ಟು ದೂರದಲ್ಲಿ ನಿಲ್ಲುತ್ತೇನೆ. ಅದು ಕಣ್ಣು ತೆರೆದು ನನ್ನತ್ತ ತಿರುಗಿದರೆ ಹಿಂದೆ ಸರಿಯುತ್ತೇನೆ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಫ್ಲ್ಯಾಷ್ ಹಾಕುವುದಿಲ್ಲ. ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಕರೆಯುವುದಿಲ್ಲ. ಹಕ್ಕಿಯ ದನಿ ಗುರುತಿಸಲು ಮರ್ಲಿನ್ ಆ್ಯಪ್ ಒಳ್ಳೆಯದು, ಉಚಿತ. ಆದರೆ ಕೇಳಿಸಿಕೊಳ್ಳಲು ಬಳಸಿ, ಕೂಗಿಸಲು ಬೇಡ. ಮತ್ತೆ, ಗೂಬೆ ಎಲ್ಲಿದೆ ಎಂದು ಅದೇ ದಿನ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ಸ್ನೇಹಿತರು ಬೇಜಾರಾಗುತ್ತಾರೆ, ಆಗಲಿ.

ಪಾಷಾಣದ ಮಾತು ಬಾಕಿ ಇತ್ತು. ಫ್ಲಾಕೋ ಎಂಬ ದೊಡ್ಡ ಗೂಬೆ ಪಾರ್ಕಿನ ಮೃಗಾಲಯದಲ್ಲಿತ್ತು. 2023ರ ಫೆಬ್ರವರಿ 2ರಂದು ಯಾರೋ ಅದರ ಪಂಜರದ ಬಲೆ ಕತ್ತರಿಸಿದರು. ಹೊರಬಿದ್ದ ಹಕ್ಕಿಗೆ ಬೇಟೆಯಾಡಲು ಬರುವುದೋ ಇಲ್ಲವೋ ಎಂದು ಎಲ್ಲರೂ ಹೆದರಿದ್ದರು. ಅದು ಕೆಲವೇ ದಿನದಲ್ಲಿ ಇಲಿ ಹಿಡಿಯಲು ಕಲಿತು ಒಂದು ವರ್ಷ ಸ್ವತಂತ್ರವಾಗಿ ಬದುಕಿತು. 2024ರ ಫೆಬ್ರವರಿ 23ರಂದು ಪಶ್ಚಿಮ 89ನೇ ಬೀದಿಯ ಕಟ್ಟಡವೊಂದರ ಬಳಿ ಸತ್ತು ಬಿತ್ತು. ಪರೀಕ್ಷೆಯಲ್ಲಿ ಅದರ ಮೈಯಲ್ಲಿ ಇಲಿ ಪಾಷಾಣವೂ ಪಾರಿವಾಳದಿಂದ ಬರುವ ವೈರಸ್ಸೂ ತೀವ್ರ ಪ್ರಮಾಣದಲ್ಲಿ ಸಿಕ್ಕವು. ಕೋಡುಬಳೆಯ ಪುಡಿಯನ್ನೂ ಚೀಲಕ್ಕೇ ಹಾಕಿಕೊಂಡು ಬನ್ನಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಒಂದೆರಡು ಸಲ ಹೋಗಿ ರುಚಿ ಹತ್ತಿದರೆ ಡಿಸೆಂಬರ್‌ನ ಕ್ರಿಸ್‌ಮಸ್ ಹಕ್ಕಿ ಎಣಿಕೆಗೆ ಹೆಸರು ಕೊಡಿ. 1900ರ ಡಿಸೆಂಬರ್ 25ರಂದು ಶುರುವಾದದ್ದು. ಹಬ್ಬದ ದಿನ ಹಕ್ಕಿ ಕೊಲ್ಲುವ ಪಂದ್ಯದ ಬದಲು ಎಣಿಸೋಣ ಎಂದು ಹಕ್ಕಿ ತಜ್ಞ ಫ್ರಾಂಕ್ ಚಾಪ್ಮನ್ ಕರೆ ಕೊಟ್ಟರು. ಆ ಮೊದಲ ವರ್ಷವೇ ಸೆಂಟ್ರಲ್ ಪಾರ್ಕಿನಲ್ಲೂ ಎಣಿಸಿದ್ದರು. ಈಗ ಡಿಸೆಂಬರ್ 14ರಿಂದ ಜನವರಿ 5ರ ನಡುವೆ ಒಂದು ದಿನ ನಡೆಯುತ್ತದೆ. ಮೊದಲೇ ನೋಂದಾಯಿಸಬೇಕು. ಹೊಸಬರನ್ನು ಅನುಭವಿಗಳ ಜೊತೆ ಸೇರಿಸುತ್ತಾರೆ. ನಿಮ್ಮ ಪಾಲಿಗೆ ಬರೀ ಗುಬ್ಬಿ, ಪಾರಿವಾಳ ಎಣಿಸುವ ಕೆಲಸ ಬಂದರೂ ಒಪ್ಪಿಕೊಳ್ಳಿ. ನನಗೆ ಮೊದಲ ವರ್ಷ ಬಂದದ್ದು ಅದೇ. ಒಂದು ಪೊದೆಯ ಮುಂದೆ ಇಪ್ಪತ್ತು ನಿಮಿಷ ನಿಂತು ಬಿಳಿ ಗಂಟಲಿನ ಗುಬ್ಬಿಗಳನ್ನು ಎಣಿಸಿದೆ. ಹದಿನೇಳು. ಒಂದೂ ಹಾರಿರಲಿಲ್ಲ.